ಅಠಾರಾ ಕಚೇರಿಯಿಂದ ಸಕಾಲದವರೆಗೆ

ಕೊಟ್ಟ ಅರ್ಜಿ ಏನಾಯ್ತು ಅನ್ನೋ ಪ್ರಶ್ನೆ ನಮ್ಮ ಕಾಲದ್ದಷ್ಟೇ ಅಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ಹಂಚಿದರು. ಅದೇ ಅಠಾರಾ ಕಚೇರಿ. ಯಾವ ಕೆಲಸ ಯಾರ ಪಾಲಿನದು ಎಂಬುದು ಇದರಿಂದ ಗೊತ್ತಾಯಿತು. ಬೆಂಗಳೂರಿನ ಹೈಕೋರ್ಟ್ ಕಟ್ಟಡಕ್ಕೆ ಇಂದಿಗೂ ಆ ಹೆಸರುಂಟು.

1881ರ ದಸರೆಯಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ರೈತರ ಕಷ್ಟ ಸರ್ಕಾರದ ಕಿವಿಗೆ ಬಿತ್ತು. ಆದರೆ ಸಭೆಗೆ ಕೇಳುವ ಹಕ್ಕಿತ್ತೇ ಹೊರತು ತೀರ್ಮಾನಿಸುವ ಅಧಿಕಾರ ಇರಲಿಲ್ಲ.

ಆಮೇಲೆ ಬಹಳ ಕಾಲ ನಮಗೆ ಸಿಕ್ಕಿದ್ದು “ನಾಳೆ ಬಾ” ಎಂಬ ಉತ್ತರವೇ. ಪಹಣಿ, ಖಾತೆ ಸಿಗದೆ ಬೆಳೆ ಸಾಲ ತಪ್ಪಿಸಿಕೊಂಡವರ ಸಂಕಟ ಈ ಸಂಘದವರಿಗೆ ಹೇಳಬೇಕಾಗಿಲ್ಲ.

2011ರ ಕಾಯ್ದೆಯಂತೆ 2012ರ ಏಪ್ರಿಲ್‌ನಲ್ಲಿ ‘ಸಕಾಲ’ ಬಂತು. ಅರ್ಜಿಗೊಂದು ನಂಬರು, ಕೆಲಸಕ್ಕೊಂದು ಗಡುವು. ತಡವಾದರೆ ದಿನಕ್ಕೆ 20 ರೂ., ಹೆಚ್ಚೆಂದರೆ 500 ರೂ. ಪರಿಹಾರ ಎಂದು ಗೊತ್ತುಮಾಡಿದರು. ಆದರೂ ಎಷ್ಟೋ ಜನ ನಂಬರಿನ ಚೀಟಿ ಕೇಳದೆ ಬರಿಗೈಲಿ ಮನೆಗೆ ಬರ್ತಾರೆ. ಚೀಟಿ ಇಲ್ಲದೆ ತಡವಾಯ್ತು ಅಂತ ತೋರಿಸೋದು ಹೇಗೆ?

ನಮ್ಮ ಸಂಘದಲ್ಲಿ ಈ ಲೆಕ್ಕ ಇರುವುದು ನಡವಳಿ ಪುಸ್ತಕದಲ್ಲಿ. ಹಿಂದಿನ ಸಭೆಯ ನಡವಳಿ ಓದುವಾಗಲೇ ಬಾಕಿ ಕೆಲಸ ಹೊರಬೀಳೋದು. ಕೆಲವರು ಕಾಫಿಗೆ ಎದ್ದು ಹೋಗೋದೂ ಅದೇ ಹೊತ್ತಿಗೆ!