ನಕ್ಷೆ ಕೈಯಲ್ಲಿದ್ದರೂ ತೆರೆಯದಿದ್ದರೆ?

ಅಭಿವೃದ್ಧಿಗೂ ನೀಲನಕ್ಷೆ, ಚುನಾವಣೆಗೂ ನೀಲನಕ್ಷೆ. ಈ ಪದ ಕಿವಿಗೆ ಬೀಳದ ದಿನವಿಲ್ಲ. ಆದರೆ ನಿಜವಾದ ನೀಲನಕ್ಷೆಯನ್ನು ಕಂಡವರು ಈಗ ವಿರಳ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನದಿಂದ ಬಂದದ್ದು ಅದು. ಕಬ್ಬಿಣದ ಲವಣ ಸವರಿದ ಕಾಗದದ ಮೇಲೆ ಪಾರದರ್ಶಕ ಹಾಳೆಯ ನಕ್ಷೆಯನ್ನಿಟ್ಟು, ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದರೆ ಬೆಳಕು ಬಿದ್ದ ಜಾಗ ನೀಲಿಯಾಗುತ್ತಿತ್ತು. ಗೆರೆಗಳು ಬಿಳಿಯಾಗಿ ಉಳಿಯುತ್ತಿದ್ದವು. ಅದನ್ನು ಓದಲು ಸುರುಳಿ ಬಿಚ್ಚಿದರೆ ಸಾಕಿತ್ತು.

ಈಗ ನಕ್ಷೆಯೆಂದರೆ ಕಂಪ್ಯೂಟರಿನ ಕಡತ. ಅದನ್ನು ತೆರೆಯಲು ತಕ್ಕ ತಂತ್ರಾಂಶ ಬೇಕು, ಅದರಲ್ಲೂ ತಕ್ಕ ಆವೃತ್ತಿ ಬೇಕು. ಈ ಸಣ್ಣ ಷರತ್ತಿನ ಹಿಂದೆ ದೊಡ್ಡ ಕಥೆಯೇ ಇದೆ.

ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯಬಹುದೆಂದು 1963ರಲ್ಲಿ ತೋರಿಸಿದವರು ಅಮೆರಿಕದ ಎಂಐಟಿಯ ಸಂಶೋಧಕ ಐವಾನ್ ಸದರ್‌ಲ್ಯಾಂಡ್. ಆದರೆ ಅದಕ್ಕೆ ಬೇಕಾದ ಯಂತ್ರ ಕೋಣೆ ತುಂಬುವಷ್ಟು ದೊಡ್ಡದು. ಈ ವಿದ್ಯೆ ಸಾಮಾನ್ಯ ಎಂಜಿನಿಯರನ ಮೇಜಿಗೆ ಬಂದದ್ದು 1982ರಲ್ಲಿ, ಆಟೋಡೆಸ್ಕ್ ಕಂಪೆನಿಯ ‘ಆಟೋಕ್ಯಾಡ್’ ಮೂಲಕ. ಮೈಕ್ ರಿಡಲ್ ಎಂಬವರು ಅದಕ್ಕೂ ಮೊದಲೇ ಬರೆದಿದ್ದ ‘ಇಂಟರಾಕ್ಟ್’ ಎಂಬ ತಂತ್ರಾಂಶವೇ ಇದರ ಬುನಾದಿ. ‘ಡಿಡಬ್ಲ್ಯುಜಿ’ ಎಂಬ ಕಡತದ ರೂಪವೂ ಅಲ್ಲಿಂದಲೇ ಬಂದದ್ದು.

ಈ ಕಡತದ ಮೊದಲ ಆರು ಅಕ್ಷರಗಳು ಅದರ ಜಾತಕವಿದ್ದಂತೆ. ‘ಎಸಿ1015’ ಎಂದಿದ್ದರೆ ಆಟೋಕ್ಯಾಡ್ 2000ರ ರೂಪ. ‘ಎಸಿ1032’ ಎಂದಿದ್ದರೆ 2018ರ ಆವೃತ್ತಿಯೊಂದಿಗೆ ಬಂದ ರೂಪ. ಹೊಸ ತಂತ್ರಾಂಶ ಹಳೆಯ ಕಡತವನ್ನು ಓದುತ್ತದೆ. ಹಳೆಯ ತಂತ್ರಾಂಶಕ್ಕೆ ಹೊಸದು ಅರ್ಥವಾಗದು. ಕಳುಹಿಸುವವರೇ ಹಳೆಯ ರೂಪದಲ್ಲಿ ಉಳಿಸಿ ಕೊಡಬೇಕು.

ಕಡತ ತೆರೆದರೂ ತೊಂದರೆ ಮುಗಿಯಿತೆನ್ನುವಂತಿಲ್ಲ. ಒಂದು ನಕ್ಷೆಯೊಳಗೆ ಬೇರೆ ನಕ್ಷೆಗಳನ್ನು ಜೋಡಿಸುವ ಸೌಲಭ್ಯ ಆಟೋಕ್ಯಾಡ್‌ಗೆ ಬಂದದ್ದು 1990ರಲ್ಲಿ. ಜೋಡಿಸಿದ ನಕ್ಷೆ ಮುಖ್ಯ ಕಡತದೊಳಗೆ ಇರುವುದಿಲ್ಲ. ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಮುಖ್ಯ ಕಡತವೊಂದನ್ನೇ ಕಳುಹಿಸಿದರೆ ಗೋಡೆಗಳಿರುತ್ತವೆ, ಕಂಬಗಳು ಮಾಯ! ಅಕ್ಷರಗಳ ಕಥೆಯೂ ಹೀಗೆಯೇ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ‘ಅಡುಗೆಮನೆ’, ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ.

ಹಾಗಾದರೆ ನಕ್ಷೆ ಯಾರದು? ಬರೆದವನದೋ, ತಂತ್ರಾಂಶ ಮಾರಿದವನದೋ? ಬೇರೆ ತಂತ್ರಾಂಶಗಳೊಡನೆ ವಿನಿಮಯಕ್ಕೆಂದು ಆಟೋಡೆಸ್ಕ್ 1982ರಲ್ಲೇ ‘ಡಿಎಕ್ಸ್‌ಎಫ್’ ಎಂಬ ರೂಪದ ವಿವರ ಪ್ರಕಟಿಸಿತ್ತು. ಡಿಡಬ್ಲ್ಯುಜಿಯ ಒಳಗುಟ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅದನ್ನು ಓದುವ ದಾರಿ ಹುಡುಕಿ ಹಂಚಿಕೊಳ್ಳಲು 1998ರಲ್ಲಿ ಇತರ ಕಂಪೆನಿಗಳು ಸೇರಿ ಒಕ್ಕೂಟ ಕಟ್ಟಿಕೊಂಡವು. ಇಂದು ಅದರ ಹೆಸರು ಓಪನ್ ಡಿಸೈನ್ ಅಲಯನ್ಸ್. ತನ್ನ ಕಡತಗಳಿಗೆ ಹಾಕುತ್ತಿದ್ದ ಅಸಲಿ ಗುರುತನ್ನು ಒಕ್ಕೂಟ ಅನುಕರಿಸಿದೆಯೆಂದು 2006ರಲ್ಲಿ ಆಟೋಡೆಸ್ಕ್ ನ್ಯಾಯಾಲಯಕ್ಕೆ ಹೋಯಿತು. 2007ರಲ್ಲಿ ರಾಜಿಯಾಯಿತು.

ಇದೆಲ್ಲ ಕಚೇರಿಯೊಳಗಿನ ಕಿರಿಕಿರಿ ಎನ್ನುವವರು ಅದೇ 2006ರಲ್ಲಿ ಯೂರೋಪಿನಲ್ಲಿ ನಡೆದದ್ದನ್ನು ಗಮನಿಸಬೇಕು. ಏರ್‌ಬಸ್ ಎ380 ಜಗತ್ತಿನ ಅತಿದೊಡ್ಡ ಪ್ರಯಾಣಿಕ ವಿಮಾನ. ಒಂದೊಂದರಲ್ಲೂ ಸುಮಾರು 530 ಕಿ.ಮೀ. ಉದ್ದದ ತಂತಿ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಿದ್ಧವಾದ ತಂತಿಗಳ ಕಟ್ಟುಗಳನ್ನು ಫ್ರಾನ್ಸಿನ ಟೂಲೂಸ್‌ನಲ್ಲಿ ಜೋಡಿಸಲು ಹೋದರೆ ಉದ್ದ ಸಾಲದು! ಎರಡೂ ಕಡೆ ಬಳಸುತ್ತಿದ್ದುದು ‘ಕ್ಯಾಟಿಯಾ’ ಎಂಬ ಒಂದೇ ತಂತ್ರಾಂಶ. ಆದರೆ ಜರ್ಮನರದು 4ನೇ ಆವೃತ್ತಿ, ಫ್ರೆಂಚರದು 5ನೆಯದು. ಒಂದು ಕಡೆಯ ಬದಲಾವಣೆ ಇನ್ನೊಂದು ಕಡೆಗೆ ಸರಿಯಾಗಿ ಮುಟ್ಟಲಿಲ್ಲ. ಜೂನ್‌ನಲ್ಲಿ ವಿಳಂಬದ ಸುದ್ದಿ ಬಂದಾಗ ಮಾತೃಸಂಸ್ಥೆಯ ಷೇರು ಒಂದೇ ದಿನ ಕಾಲು ಭಾಗದಷ್ಟು ಕುಸಿಯಿತು. ಹಿರಿಯ ಅಧಿಕಾರಿಗಳು ಕುರ್ಚಿ ಬಿಟ್ಟರು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್‌ನ ಕೈಸೇರಿದ್ದು 2007ರ ಅಕ್ಟೋಬರ್‌ನಲ್ಲಿ.

ಯಾವ ಕಂಪೆನಿಗೂ ಸೇರದ ‘ಸ್ಟೆಪ್’ ಎಂಬ ಅಂತರರಾಷ್ಟ್ರೀಯ ಮಾನಕ 1994ರಿಂದಲೇ ಇದೆ. ಆದರೂ ವಿನಿಮಯದಲ್ಲಿ ಏನಾದರೊಂದು ಸೋರಿಹೋಗುವುದು ತಪ್ಪಿಲ್ಲ.

ಮನೆ ಕಟ್ಟಿಸುವವರಿಗೂ ಇದರಲ್ಲಿ ಪಾಠವಿದೆ. ಎಂಜಿನಿಯರ್ ಕೊಡುವ ಮೂಲ ಕಡತದ ಜೊತೆಗೆ ಜೋಡಣೆಯ ಕಡತಗಳನ್ನೂ ಫಾಂಟುಗಳನ್ನೂ ಕೇಳಿ ಪಡೆಯಿರಿ. ಪಿಡಿಎಫ್ ಪ್ರತಿಯೊಂದು ಇರಲಿ. ದಿನಾಂಕ ಬರೆದ ಕಾಗದದ ಪ್ರತಿಯೊಂದು ಪೆಟ್ಟಿಗೆಯಲ್ಲಿರಲಿ. ಮೂವತ್ತು ವರ್ಷಗಳ ನಂತರ ಗೋಡೆ ಒಡೆಯುವ ಮೊದಲು ಒಳಗಿನ ಕೊಳವೆ ಎಲ್ಲಿದೆಯೆಂದು ಮಕ್ಕಳು ಹುಡುಕುವಾಗ, ಸುರುಳಿ ಬಿಚ್ಚಿದರೆ ಸಾಕು.