ದೊಡ್ಡ ಕಣ್ಣಿನ ಹುಡುಗಿಯರು ಜೆಬೆಲ್ ಅಲಿಗೆ ಬಂದ ದಾರಿ

'ಮಾಂಗಾ' ಎಂಬ ಹೆಸರು ಕೇಳಿದೊಡನೆ ನಮ್ಮವರಿಗೆ ಮಂಗ ನೆನಪಾಗುತ್ತದೆ, ನೆರೆಯ ಮಲಯಾಳಿಗಳಿಗೆ ಮಾವಿನಕಾಯಿ. ಜಪಾನಿನಲ್ಲಿ ಅದು ಚಿತ್ರಕಥೆಗೆ ಇರುವ ಸಾಮಾನ್ಯ ಹೆಸರು, ಅಷ್ಟೆ. ಹನ್ನೆರಡು ದಾಟಿದ ಹೆಣ್ಣುಮಕ್ಕಳಿರುವ ನಮ್ಮ ಸದಸ್ಯರ ಮನೆಗಳಲ್ಲಿ ಈಗ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. 2008ರಲ್ಲಿ ದುಬೈ ಮಾಲ್‌ನಲ್ಲಿ ಕಿನೊಕುನಿಯಾ ಪುಸ್ತಕದಂಗಡಿ ತೆರೆದ ಮೇಲಂತೂ ಈ ಪುಸ್ತಕಗಳಿಗೆ ಬರವಿಲ್ಲ. ತಾಯಂದಿರು ಸೇರಿದಲ್ಲೆಲ್ಲ ಒಂದೇ ದೂರು: ಇಂಗ್ಲಿಷು, ಅದರಲ್ಲೂ ಬೊಂಬೆ ಪುಸ್ತಕ, ಅದರಲ್ಲೂ ಬರೀ ಪ್ರೇಮ. ಈ ದೂರಿನಲ್ಲಿ ಎಷ್ಟು ಹುರುಳಿದೆ ಎಂದು ನೋಡುವ ಮೊದಲು, ಆ ದೊಡ್ಡ ಕಣ್ಣಿನ ಹುಡುಗಿಯರು ನಮ್ಮ ಮನೆಯವರೆಗೆ ನಡೆದು ಬಂದ ದಾರಿಯನ್ನು ಸ್ವಲ್ಪ ತಿಳಿದುಕೊಳ್ಳೋಣ.

1953ರಿಂದ ಆರಂಭಿಸಬಹುದು. ಆ ವರ್ಷ ಒಸಾಮು ತೆಝುಕಾ ಎಂಬ ಚಿತ್ರಕಾರ ಹುಡುಗಿಯರ ಪತ್ರಿಕೆಯೊಂದರಲ್ಲಿ ಗಂಡುವೇಷದ ರಾಜಕುಮಾರಿಯ ಕಥೆಯನ್ನು ಧಾರಾವಾಹಿಯಾಗಿ ಬರೆಯತೊಡಗಿದರು. ಅವರು ಬೆಳೆದದ್ದು ತಕರಾಝುಕಾ ಪಟ್ಟಣದಲ್ಲಿ. ಅಲ್ಲಿಯ ಹೆಸರಾಂತ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳನ್ನೂ ಹೆಂಗಸರೇ ಮಾಡುತ್ತಾರೆ, ರಾಜಕುಮಾರನೂ ಹೆಣ್ಣೇ. ನಮ್ಮ ಯಕ್ಷಗಾನದ ಸ್ತ್ರೀವೇಷವನ್ನು ತಿರುಗಿಸಿ ಹಾಕಿದಂತೆ! ರಂಗದ ಬೆಳಕಿನಲ್ಲಿ ಹೊಳೆಯುವ, ಬಣ್ಣ ಬಳಿದು ಹಿಗ್ಗಿಸಿದ ಆ ಕಣ್ಣುಗಳು ತೆಝುಕಾ ಅವರ ಚಿತ್ರಗಳಿಗೂ ಬಂದವು. ನಮ್ಮ ಮಕ್ಕಳು ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚುವ ಕಣ್ಣುಗಳ ಮೂಲಗಳಲ್ಲಿ ಅದೂ ಒಂದು.

ಅದೇ 1953ರಲ್ಲಿ ಕನ್ನಡದಲ್ಲಿ ತ್ರಿವೇಣಿಯವರ ಮೊದಲ ಕಾದಂಬರಿ 'ಅಪಸ್ವರ' ಹೊರಬಂತು. ಇವೆರಡಕ್ಕೂ ಸಂಬಂಧ ಕಲ್ಪಿಸುವುದು ಹುಚ್ಚುತನ. ಆದರೆ ಹೋಲಿಸಿ ನೋಡಿದರೆ ನಮ್ಮವರ ಹೆಚ್ಚುಗಾರಿಕೆ ಕಾಣುತ್ತದೆ. ಜಪಾನಿನಲ್ಲಿ ಹುಡುಗಿಯರಿಗಾಗಿ ಚಿತ್ರಕಥೆ ಬರೆಯುತ್ತಿದ್ದವರಲ್ಲಿ ಬಹುಪಾಲು ಗಂಡಸರೇ. 1970ರ ಸುಮಾರಿಗೆ, 1949ರ ಆಸುಪಾಸಿನಲ್ಲಿ ಹುಟ್ಟಿದ ಒಂದು ತಲೆಮಾರಿನ ಹೆಣ್ಣುಮಕ್ಕಳು ಆ ಲೇಖನಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ತ್ರಿವೇಣಿಯವರು ಅಷ್ಟು ಹೊತ್ತಿಗೆ ತಮ್ಮ ಕಾದಂಬರಿಗಳನ್ನು ಬರೆದು, 1963ರಲ್ಲಿ, ಮೂವತ್ತೈದು ತುಂಬುವುದರೊಳಗೆ ತೀರಿಕೊಂಡಾಗಿತ್ತು.

ಆ ಜಪಾನೀ ಲೇಖಕಿಯರಲ್ಲಿ ರಿಯೋಕೊ ಇಕೆದಾ ಅವರ ಹೆಸರು ದೊಡ್ಡದು. 1972ರಲ್ಲಿ ಅವರು ಆರಂಭಿಸಿದ 'ವರ್ಸೈಲ್ಸ್ ಗುಲಾಬಿ'ಯಲ್ಲಿ ಫ್ರಾನ್ಸಿನ ಕ್ರಾಂತಿಯ ಕಾಲದ ಆಸ್ಕರ್ ಎಂಬ ಹೆಣ್ಣು ಗಂಡಾಗಿ ಬೆಳೆದು ಅರಮನೆಯ ಕಾವಲು ಪಡೆಗೆ ನಾಯಕಿಯಾಗುತ್ತಾಳೆ. 1974ರಲ್ಲಿ ಆ ಕಥೆಯನ್ನು ತಕರಾಝುಕಾ ಮಂಡಳಿಯೇ ರಂಗಕ್ಕೆ ತಂದಿತು. ಕೊಟ್ಟ ಸಾಲ ಬಡ್ಡಿಸಮೇತ ಹಿಂತಿರುಗಿತು ಎನ್ನಬೇಕು. ಇವರೆಲ್ಲ ತಂದ ನಿಜವಾದ ಹೊಸತು ಕಣ್ಣಲ್ಲ, ಮನಸ್ಸು. ಚೌಕಗಳ ಗೆರೆ ಅಳಿಸಿಹೋಗುತ್ತದೆ, ಹಿನ್ನೆಲೆಯಲ್ಲಿ ಹೂಗಳು ಉದುರುತ್ತವೆ, ಹುಡುಗಿ ಬಾಯಿಬಿಟ್ಟು ಹೇಳದ ಮಾತು ಪುಟದ ಖಾಲಿ ಜಾಗದಲ್ಲಿ ತೇಲುತ್ತದೆ. ಏನೂ ನಡೆಯದ ಎರಡು ಪುಟಗಳೇ ಕಥೆಯ ಜೀವ. 'ಶರಪಂಜರ'ದ ಕಾವೇರಿಯ ಮನಸ್ಸಿನೊಳಗೆ ನಮ್ಮನ್ನು ಕೂರಿಸಿದ ತ್ರಿವೇಣಿಯವರನ್ನು ಓದಿದವರಿಗೆ ಇದು ಅಪರಿಚಿತವಾದ ಕಲೆಯೇನೂ ಅಲ್ಲ.

ಅಪರಿಚಿತವಾದದ್ದು ಅದನ್ನು ಚಿತ್ರದಲ್ಲಿ ಕಾಣುವುದು. ಚಿತ್ರಕಥೆಯಲ್ಲಿ ಕನ್ನಡ ಹಿಂದೆ ಬಿದ್ದಿತ್ತೆಂದಲ್ಲ. ಅಮರ ಚಿತ್ರಕಥೆ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಐ.ಬಿ.ಎಚ್.ನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಆ ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲ್ಲಾಳಂಥ ಪರದೇಶದ ಕಥೆಗಳು. ಕಾರ್ಕಳದ ಅನಂತ ಪೈ ಅವರ 'ಕೃಷ್ಣ'ನಿಗೆ ಹನ್ನೊಂದನೆಯ ಸಂಖ್ಯೆ ಸಿಕ್ಕಿದ್ದು ಅದಕ್ಕೇ. ಮುಂದೆ ಶಕುಂತಲೆ ಬಂದಳು, ದಮಯಂತಿ ಬಂದಳು. ಚೆಂದವಾಗಿಯೇ ಬಂದರು. ಆದರೆ ಅಲ್ಲಿ ಪ್ರೇಮಕ್ಕೆ ಅಡ್ಡ ಬರುವುದು ಋಷಿಯ ಶಾಪ, ಇಲ್ಲವೇ ಕಲಿಪುರುಷ. ಇನ್ನು ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಮಹಾಶಯನೋ, 1936ರಲ್ಲಿ ಕಂಡ ಡಯಾನಾಳನ್ನು 1977ರವರೆಗೆ ಕಾಯಿಸಿ ಮದುವೆಯಾದ! ಹದಿನೈದರ ಹುಡುಗಿಯ ದಿನನಿತ್ಯದ ತಳಮಳಕ್ಕೆ ನಮ್ಮ ಚಿತ್ರಕಥೆಯಲ್ಲಿ ಜಾಗವಿರಲಿಲ್ಲ. ಅದು ವಾರಪತ್ರಿಕೆಯ ಧಾರಾವಾಹಿಗೆ ಮೀಸಲಾಗಿತ್ತು.

ಅಮೆರಿಕದಲ್ಲೂ ಆ ಜಾಗ ಖಾಲಿ ಬಿದ್ದಿತ್ತು. 1947ರಲ್ಲಿ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ 'ಯಂಗ್ ರೊಮಾನ್ಸ್' ಆರಂಭಿಸಿದಾಗ ಪ್ರೇಮದ ಕಾಮಿಕ್ಸ್ ಬಿಸಿ ದೋಸೆಯಂತೆ ಖರ್ಚಾದವು. 1954ರಲ್ಲಿ ಕಾಮಿಕ್ಸ್‌ಗೆ ನೀತಿಸಂಹಿತೆ ಬಂದ ಮೇಲೆ ಅವು ಸಪ್ಪೆಯಾದವು, 70ರ ದಶಕದ ಕೊನೆಗೆ ಹೆಚ್ಚುಕಡಿಮೆ ನಿಂತೇಹೋದವು. ಅಂಗಡಿಯಲ್ಲಿ ಉಳಿದದ್ದು ಮುಷ್ಟಿ ಬಿಗಿದ ಗಂಡಾಳುಗಳು ಮಾತ್ರ. 1997ರಲ್ಲಿ 'ಸೈಲರ್ ಮೂನ್' ಇಂಗ್ಲಿಷ್ ಪುಸ್ತಕರೂಪದ ಹಾದಿ ಹಿಡಿದಾಗ ಹುಡುಗಿಯರು ಮುಗಿಬಿದ್ದದ್ದು ಆಶ್ಚರ್ಯವಲ್ಲ.

ಇಲ್ಲಿ ಒಂದು ತಮಾಷೆಯ ಸಂಗತಿ. ಜಪಾನೀ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು. ಇಂಗ್ಲಿಷಿಗೆ ತರುವಾಗ ಮೊದಮೊದಲು ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಅದರಿಂದ ನಾಯಕಿ ಎಡಗೈಯಲ್ಲಿ ಊಟ ಮಾಡತೊಡಗಿದಳು. ನಮ್ಮ ಅಜ್ಜಿಯಂದಿರು ಕಂಡಿದ್ದರೆ ಪುಸ್ತಕವನ್ನೇ ಹೊರಗೆ ಎಸೆಯುತ್ತಿದ್ದರು. ಜಪಾನೀಯರಿಗೆ ಇನ್ನೂ ದೊಡ್ಡ ಅಪಶಕುನ, ಏಕೆಂದರೆ ಕಿಮೋನೊದ ಎಡಸೆರಗು ಮೇಲೆ ಬರಬೇಕು, ಬಲಸೆರಗು ಮೇಲೆ ಬರುವಂತೆ ಉಡಿಸುವುದು ಶವಕ್ಕೆ. 2002ರಲ್ಲಿ ಟೋಕ್ಯೊಪಾಪ್ ಸಂಸ್ಥೆ ಪುಟಗಳನ್ನು ಇದ್ದಂತೆಯೇ ಅಚ್ಚು ಹಾಕತೊಡಗಿತು. ತಿರುಗಿಸುವ ಖರ್ಚೂ ಉಳಿಯಿತು. ಶಾಲೆಯಲ್ಲಿ ಅರಬ್ಬಿ ಕಲಿಯುವ ನಮ್ಮ ಮಕ್ಕಳಿಗೆ ಬಲದಿಂದ ಎಡಕ್ಕೆ ಓದುವುದು ತೊಡಕೇ ಅಲ್ಲ. 2009ರಲ್ಲಿ ದುಬೈಯ ಕೈಸ್ ಸೆದ್ಕಿ ಅವರು ಬರೆದು ಜಪಾನೀ ಕಲಾವಿದೆಯರಿಂದ ಚಿತ್ರ ಬರೆಸಿದ 'ಚಿನ್ನದ ಉಂಗುರ' ಅರಬ್ಬಿಯಲ್ಲಿ ಬಂದಾಗ ಒಂದು ಪುಟವನ್ನೂ ತಿರುಗಿಸಬೇಕಾಗಿರಲಿಲ್ಲ. ಅದು ಡೇಗೆ ಹಕ್ಕಿಯ ಮತ್ತು ಒಬ್ಬ ಹುಡುಗನ ಕಥೆ, ಪ್ರೇಮದ್ದಲ್ಲ. 2010ರಲ್ಲಿ ಅದಕ್ಕೆ ಶೇಖ್ ಝಾಯೆದ್ ಪುಸ್ತಕ ಪ್ರಶಸ್ತಿ ದೊರಕಿತು.

ಪ್ರೇಮದ ಕಥೆಗಳಲ್ಲಿ ಮಾತ್ರ ನಮ್ಮ ಈ ಮರಳುನಾಡು ಬೇರೆಯದೇ ವೇಷದಲ್ಲಿ ಕಾಣುತ್ತದೆ. 1919ರಲ್ಲಿ ಇ.ಎಂ. ಹಲ್ ಎಂಬ ಇಂಗ್ಲಿಷ್ ಮಹಿಳೆ 'ದಿ ಶೇಖ್' ಬರೆದರು. 1921ರಲ್ಲಿ ವ್ಯಾಲೆಂಟಿನೊ ನಟಿಸಿದ ಚಿತ್ರ ಬಂತು. ಅಲ್ಲಿಂದ ಹುಟ್ಟಿದ ಶೇಖ್ ನಾಯಕ ಮಿಲ್ಸ್ ಅಂಡ್ ಬೂನ್, ಹಾರ್ಲೆಕ್ವಿನ್ ಕಾದಂಬರಿಗಳಲ್ಲಿ ಮನೆಮಾಡಿದ. ಆ ಕಾದಂಬರಿಗಳನ್ನು ಜಪಾನಿನವರು ಮಾಂಗಾ ಮಾಡಿದರು. 2005ರಿಂದ ಅಂಥ ಹಾರ್ಲೆಕ್ವಿನ್ ಮಾಂಗಾಗಳು ಮತ್ತೆ ಇಂಗ್ಲಿಷಿಗೆ ಬಂದವು, ಕಿರಿಯರಿಗೆ ಗುಲಾಬಿ ಮಸಿಯಲ್ಲಿ, ಹಿರಿಯರಿಗೆ ನೇರಳೆ ಮಸಿಯಲ್ಲಿ ಅಚ್ಚಾಗಿ! ಶೇಖ್ ಕಥೆಯ ದೇಶಕ್ಕೆ ನಕ್ಷೆಯಲ್ಲಿಲ್ಲದ ಹೆಸರು, ಡೇರೆ, ಕುದುರೆ, ರೇಷ್ಮೆ ಹಾಸಿಗೆ. 1979ರ ಬಂದರು, 1985ರ ಮುಕ್ತ ವಲಯ, ರಾತ್ರಿ ಪಾಳಿಯ ಬಸ್ಸು, ಊರಿಗೆ ಹಣ ಕಳಿಸುವ ಸಾಲು, ಇವು ಯಾವುವೂ ಅದರಲ್ಲಿಲ್ಲ. ಮರಳುಗಾಡಿನಲ್ಲೇ ಹುಟ್ಟಿ ಬೆಳೆದ ಹುಡುಗಿ ಮರಳುಗಾಡಿನ ಬಗ್ಗೆ ಇಂಥ ಸುಳ್ಳನ್ನು ಓದುವುದು ನನಗೆ ಕಸಿವಿಸಿ. ಪ್ರೇಮ ಓದಿ ಮಕ್ಕಳು ಕೆಡುತ್ತಾರೆಂಬ ಹೆದರಿಕೆ ನನಗಿಲ್ಲ. ಮನೆಯಿಲ್ಲದ, ತಂದೆತಾಯಿ ಇಲ್ಲದ, ಬಾಡಿಗೆ ಕಟ್ಟಬೇಕಿಲ್ಲದ ಪ್ರೇಮವನ್ನೇ ನಿಜವೆಂದು ನಂಬಿಯಾರೆಂಬ ಹೆದರಿಕೆ ಇದೆ.

ಅಮೆರಿಕ, ಕೆನಡಾಗಳಲ್ಲಿ ಇಂಗ್ಲಿಷಿನಲ್ಲೇ ಹುಟ್ಟಿದ ಮಾಂಗಾ ಶೈಲಿಯ ಪುಸ್ತಕಗಳ ಬಗ್ಗೆಯೂ ನನ್ನ ತಕರಾರು ಇದೇ. ಬಹಳಷ್ಟು ಜನ ಕಣ್ಣನ್ನು ಎರವಲು ತಂದರು, ಮೌನವನ್ನು ತರಲಿಲ್ಲ. ಪುಟಪುಟವೂ ಕಿರುಚಾಟ. 2011ರಲ್ಲಿ ಬಾರ್ಡರ್ಸ್ ಪುಸ್ತಕದಂಗಡಿಗಳು ಅಮೆರಿಕದಲ್ಲಿ ಬಾಗಿಲು ಹಾಕಿದವು. ಅದೇ ವರ್ಷ ಟೋಕ್ಯೊಪಾಪ್ ಕೂಡ ಅಲ್ಲಿಯ ಪ್ರಕಾಶನ ನಿಲ್ಲಿಸಿದಾಗ ಇಂಥವು ಎಷ್ಟೋ ಅರ್ಧಕ್ಕೇ ನಿಂತವು. ಅವುಗಳ ನಡುವೆ ಸ್ವೆಟ್ಲಾನಾ ಚ್ಮಕೋವಾ ಅವರ 'ಡ್ರಾಮಾಕಾನ್' ಬೇರೆಯೇ ತೂಕದ್ದು. ಲೇಖಕಿ ರಷ್ಯದಲ್ಲಿ ಹುಟ್ಟಿ ಹದಿಹರೆಯದಲ್ಲಿ ಕೆನಡಾಕ್ಕೆ ಹೋದವರು, ನಮ್ಮ ಮಕ್ಕಳಂತೆ ಎರಡು ಭಾಷೆಗಳ ನಡುವೆ ಬೆಳೆದವರು. 2005ರಿಂದ 2007ರವರೆಗೆ ಮೂರು ಸಂಪುಟ, ಒಂದೊಂದು ಸಂಪುಟವೂ ಒಂದೊಂದು ವರ್ಷದ ಮಾಂಗಾ ಮೇಳದ ಕೆಲವೇ ದಿನಗಳು. ಕಥೆ ಬರೆಯುವ ಕ್ರಿಸ್ಟಿಗೆ ಅಲ್ಲಿ ಸಿಗುವ ಮ್ಯಾಟ್ ಒಂದು ಕಣ್ಣು ಕಳೆದುಕೊಂಡವನು. ಎಲ್ಲರಿಗೂ ತಟ್ಟೆಯಗಲದ ಕಣ್ಣಿರುವ ಕಥೆಯಲ್ಲಿ ನಾಯಕನನ್ನು ಹೀಗೆ ಮಾಡುವುದಕ್ಕೆ ಧೈರ್ಯ ಬೇಕು. ಗೆಳತಿ ಬೆಥನಿಗೆ ಚಿತ್ರ ಬರೆಯುವುದೇ ಜೀವ, ತಾಯಿಗೆ ಅದು ಬೇಡ. ಆ ತಾಯಿ ದುಷ್ಟೆಯೂ ಅಲ್ಲ, ಮಗಳ ಹೊಟ್ಟೆಪಾಡಿನ ಚಿಂತೆ ಅವಳದು. ನಮ್ಮಲ್ಲಿ ಎಂಜಿನಿಯರಿಂಗ್ ಸೀಟಿನ ಮಾತು ಬಂದಾಗ ನಡೆಯುವ ಸಂಭಾಷಣೆಯೇ ಅದು.

ಈ ಮೂರು ಸಂಪುಟಗಳೂ ನಮ್ಮ ಮನೆಯಲ್ಲಿವೆ. ಓದಬೇಕೆನ್ನುವ ತಾಯಂದಿರು ಸಂಘದ ಮುಂದಿನ ಸಭೆಯಲ್ಲಿ ಕೇಳಿ ಪಡೆಯಬಹುದು. ಮಗಳಿಗೆ ಕೊಡುವ ಮೊದಲು ತಾವು ಓದಿದರೆ ಒಳ್ಳೆಯದು. ಬದಲಿಗೆ ಯಾರ ಬಳಿಯಾದರೂ ತ್ರಿವೇಣಿಯವರ 'ಹಣ್ಣೆಲೆ ಚಿಗುರಿದಾಗ' ಇದ್ದರೆ ದಯವಿಟ್ಟು ತನ್ನಿ. ನಮ್ಮ ಪ್ರತಿ ಯಾರ ಮನೆಯಲ್ಲಿ ಉಳಿದಿದೆಯೋ ಗೊತ್ತಿಲ್ಲ, ಮಗಳು ಕೇಳುತ್ತಿದ್ದಾಳೆ.