ರಕ್ತದ ಕಲೆ ಹೇಳುವ ಸಾಕ್ಷ್ಯ: ಒಂದು ವಿದ್ಯೆಯ ಇತಿಹಾಸ

ಕೊಲೆ ನಡೆದ ಸ್ಥಳದಲ್ಲಿ ರಕ್ತದ ಕಲೆಗಳು ಪತ್ತೆಯಾದವು ಎಂಬ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿರುತ್ತೀರಿ. ಆ ರಕ್ತ ಯಾರದು ಎಂಬುದು ಒಂದು ಪ್ರಶ್ನೆ. ಅದು ಅಲ್ಲಿಗೆ ಹೇಗೆ ಬಂತು ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ರಕ್ತದ ಗುಂಪು ಮತ್ತು ಡಿ.ಎನ್.ಎ. ಪರೀಕ್ಷೆಗಳು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಉತ್ತರ ಹುಡುಕುವ ವಿದ್ಯೆಯೇ ರಕ್ತದ ಕಲೆಗಳ ವಿನ್ಯಾಸದ ವಿಶ್ಲೇಷಣೆ.

ಇದರ ಮೂಲ ತತ್ವ ಸರಳವಾದದ್ದು. ಗಾಳಿಯಲ್ಲಿ ಹಾರುವ ರಕ್ತದ ಹನಿ ಮೇಲ್ಮೈ ಎಳೆತದ ಕಾರಣದಿಂದ ಗುಂಡಗಿರುತ್ತದೆ. ಅದು ನೇರವಾಗಿ, ಅಂದರೆ 90 ಡಿಗ್ರಿ ಕೋನದಲ್ಲಿ ನುಣುಪಾದ ನೆಲಕ್ಕೆ ಬಿದ್ದರೆ ಕಲೆ ದುಂಡಗಿರುತ್ತದೆ. ಓರೆಯಾಗಿ ಬಡಿದರೆ ಕಲೆ ಉದ್ದವಾಗುತ್ತದೆ; ಅದರ ಬಾಲ ಹನಿ ಸಾಗಿದ ದಿಕ್ಕನ್ನು ತೋರಿಸುತ್ತದೆ. ಕಲೆಯ ಅಗಲವನ್ನು ಉದ್ದದಿಂದ ಭಾಗಿಸಿದರೆ ಹನಿ ಬಡಿದ ಕೋನದ ಸೈನ್ ಬೆಲೆ ದೊರೆಯುತ್ತದೆ. ಅಗಲ 5 ಮಿ.ಮೀ., ಉದ್ದ 10 ಮಿ.ಮೀ. ಇದ್ದರೆ ಉತ್ತರ 0.5, ಅಂದರೆ 30 ಡಿಗ್ರಿ. ವಿದ್ಯಾರ್ಥಿಗಳೇ, ಹತ್ತನೇ ತರಗತಿಯ ತ್ರಿಕೋನಮಿತಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ! ಹೀಗೆ ಹಲವು ಕಲೆಗಳಿಂದ ಹಿಂದಕ್ಕೆ ಗೆರೆ ಎಳೆದು, ಅವು ಕೂಡುವ ಜಾಗವನ್ನು ಗುರುತಿಸಿ, ಏಟು ಬಿದ್ದಾಗ ಗಾಯಾಳು ಎಲ್ಲಿದ್ದನೆಂದು ಅಂದಾಜು ಮಾಡುತ್ತಾರೆ.

ಈ ವಿದ್ಯೆಯನ್ನು ಪ್ರಯೋಗಗಳ ಮೂಲಕ ಮೊದಲು ಬೆಳೆಸಿದವರಲ್ಲಿ ಪೋಲೆಂಡಿನ ಎಡ್ವರ್ಡ್ ಪಿಯೋತ್ರೋವ್‌ಸ್ಕಿ ಪ್ರಮುಖರು. ತಲೆಗೆ ಏಟು ಬಿದ್ದಾಗ ರಕ್ತ ಹೇಗೆ ಚಿಮ್ಮುತ್ತದೆಂಬ ಅವರ ಅಧ್ಯಯನ 1895ರಲ್ಲಿ ಪ್ರಕಟವಾಯಿತು. ಮೊಲಗಳ ಮೇಲೆ ನಡೆಸಿದ ಆ ಪ್ರಯೋಗಗಳು ಇಂದು ನಮಗೆ ಕ್ರೂರವೆನಿಸುತ್ತವೆ. 1901ರಲ್ಲಿ ಜರ್ಮನಿಯ ಪಾಲ್ ಉಲೆನ್‌ಹುತ್ ಮನುಷ್ಯರ ರಕ್ತವನ್ನು ಪ್ರಾಣಿಗಳ ರಕ್ತದಿಂದ ಬೇರ್ಪಡಿಸಿ ಗುರುತಿಸುವ ಪರೀಕ್ಷೆಯನ್ನು ಕಂಡುಹಿಡಿದರು. 1939ರಲ್ಲಿ ಫ್ರಾನ್ಸಿನ ವಿಕ್ಟರ್ ಬಾಲ್ತಜಾರ್ ಕಲೆಯ ಆಕಾರಕ್ಕೂ ಹನಿ ಬಡಿದ ಕೋನಕ್ಕೂ ಇರುವ ಸಂಬಂಧವನ್ನು ವಿವರಿಸಿದರು.

ಆದರೆ ಈ ವಿದ್ಯೆಗೆ ಹೆಸರು ತಂದದ್ದು ಅಮೆರಿಕದ ಒಂದು ಪ್ರಕರಣ. 1954ರ ಜುಲೈ 4ರಂದು ಓಹಾಯೋ ರಾಜ್ಯದ ಬೇ ವಿಲೇಜ್‌ನಲ್ಲಿ ಡಾ. ಸ್ಯಾಮ್ ಶೆಪರ್ಡ್ ಅವರ ಪತ್ನಿ ಮರ್ಲಿನ್ ಕೊಲೆಯಾದರು. ಪತ್ರಿಕೆಗಳು ಗಂಡನೇ ಕೊಲೆಗಾರನೆಂದು ಮೊದಲೇ ತೀರ್ಮಾನಿಸಿದಂತೆ ಬರೆದವು. ಅದೇ ಡಿಸೆಂಬರ್‌ನಲ್ಲಿ ನ್ಯಾಯಾಲಯವೂ ಅವರನ್ನು ಅಪರಾಧಿಯೆಂದಿತು. ತೀರ್ಪಿನ ನಂತರ, 1955ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ರೊ. ಪಾಲ್ ಕರ್ಕ್ ಆ ಮನೆಗೆ ಹೋಗಿ ಕೋಣೆಯ ಕಲೆಗಳನ್ನು ಪರಿಶೀಲಿಸಿದರು. ಏಟು ಹಾಕಿದವನು ಎಡಗೈ ಬಳಸಿದ್ದಾನೆ, ಶೆಪರ್ಡ್ ಬಲಗೈಯವರು ಎಂಬುದು ಅವರ ವಾದವಾಗಿತ್ತು. ಆಗ ಮರುವಿಚಾರಣೆಯ ಕೋರಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪತ್ರಿಕೆಗಳ ಅತಿರೇಕದಿಂದ ನ್ಯಾಯಯುತ ವಿಚಾರಣೆ ನಡೆದಿಲ್ಲವೆಂದು ಶಿಕ್ಷೆಯನ್ನು ರದ್ದುಗೊಳಿಸಿತು. ಅದೇ ವರ್ಷದ ಮರುವಿಚಾರಣೆಯಲ್ಲಿ ಕರ್ಕ್ ಸಾಕ್ಷ್ಯ ನುಡಿದರು, ಶೆಪರ್ಡ್ ಖುಲಾಸೆಯಾದರು. ಅಷ್ಟರಲ್ಲಿ ಅವರ ಬಾಳಿನ ಸುಮಾರು ಹತ್ತು ವರ್ಷ ಸೆರೆಮನೆಯಲ್ಲೇ ಕಳೆದುಹೋಗಿತ್ತು.

ಇದಾದ ನಂತರ ನ್ಯೂಯಾರ್ಕ್ ರಾಜ್ಯದ ಹರ್ಬರ್ಟ್ ಮ್ಯಾಕ್‌ಡೊನೆಲ್ 1971ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿ, 1973ರಿಂದ ಪೊಲೀಸರಿಗೆ ತರಬೇತಿ ಶಿಬಿರಗಳನ್ನು ನಡೆಸತೊಡಗಿದರು. 1983ರಲ್ಲಿ ಈ ತಜ್ಞರದೇ ಅಂತರರಾಷ್ಟ್ರೀಯ ಸಂಘ ಹುಟ್ಟಿಕೊಂಡಿತು.

ಇಲ್ಲಿಗೆ ಕಥೆ ಸುಖಾಂತವಾಯಿತು ಎಂದುಕೊಳ್ಳಬೇಡಿ. ಕೆಲವೇ ದಿನಗಳ ಶಿಬಿರ ಮುಗಿಸಿದವರೂ ನ್ಯಾಯಾಲಯದಲ್ಲಿ ತಜ್ಞರಾಗಿ ನಿಂತರು. ಇಂಡಿಯಾನಾ ರಾಜ್ಯದಲ್ಲಿ 2000ದಲ್ಲಿ ಪತ್ನಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಮಾಜಿ ಪೊಲೀಸನೊಬ್ಬನ ಅಂಗಿಯ ಮೇಲೆ ಎಂಟು ಸಣ್ಣ ಕಲೆಗಳಿದ್ದವು. ಗುಂಡು ಹಾರಿಸಿದಾಗ ಚಿಮ್ಮಿದ ರಕ್ತವಿದು ಎಂದರು ಒಂದು ಕಡೆಯ ತಜ್ಞರು. ಮಗಳ ದೇಹ ತಾಗಿ ಅಂಟಿದ ರಕ್ತವಿದು ಎಂದರು ಇನ್ನೊಂದು ಕಡೆಯವರು. ಎರಡು ಸಲ ಶಿಕ್ಷೆಯಾದ ಆತ ಮೂರನೆಯ ವಿಚಾರಣೆಯ ನಂತರ, 2013ರಲ್ಲಿ ಬಿಡುಗಡೆ ಹೊಂದಿದ. 2009ರಲ್ಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಈ ವಿಶ್ಲೇಷಣೆಯಲ್ಲಿ ಅನಿಶ್ಚಿತತೆ ಬಹಳವೆಂದು ಎಚ್ಚರಿಸಿತ್ತು. ಬಟ್ಟೆ ರಕ್ತವನ್ನು ಹೀರುತ್ತದೆ, ಆಕಾರ ಕೆಡುತ್ತದೆ. ಹಾರುವ ಹನಿ ಗುರುತ್ವಾಕರ್ಷಣೆಯಿಂದ ಬಾಗಿ ಸಾಗುತ್ತದೆ. ನೇರ ಗೆರೆ ಎಳೆದರೆ ಏಟು ಬಿದ್ದ ಎತ್ತರ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣಬಹುದು.

ನಮ್ಮ ದೇಶದಲ್ಲಿಯೂ ಈ ಮಾತಿಗೆ ಮಹತ್ವವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕೆಂದು ಹೇಳುತ್ತದೆ. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಹಾಗಾಗಿ ತರಬೇತಾದ ತಜ್ಞರ ಅಗತ್ಯ ಹೆಚ್ಚಲಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ನಮ್ಮ ಧಾರವಾಡದಲ್ಲೇ ಇದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದುತ್ತಿರುವ ನಮ್ಮ ಹುಡುಗರೂ ಹುಡುಗಿಯರೂ ಇತ್ತ ಗಮನ ಹರಿಸಲಿ.

ಆ ದಾರಿ ಹಿಡಿಯುವವರಿಗೆ ಈ ಇತಿಹಾಸ ಹೇಳುವ ಮಾತೊಂದಿದೆ. ಕಲೆ ಸುಳ್ಳು ಹೇಳುವುದಿಲ್ಲ. ಅದನ್ನು ಓದುವವನು ತಪ್ಪಬಹುದು. ಗೊತ್ತಿರುವಷ್ಟನ್ನೇ ಹೇಳಿ, ಗೊತ್ತಿಲ್ಲದ ಕಡೆ ನಿಲ್ಲುವವನೇ ನಿಜವಾದ ತಜ್ಞ. ಅವನ ಒಂದು ಮಾತಿನ ಮೇಲೆ ಒಬ್ಬ ಮನುಷ್ಯನ ಇಡೀ ಬದುಕು ನಿಂತಿರುತ್ತದೆ.